ಗೆದ್ದದ್ದು ವೇಗವಲ್ಲ, ಮೋಡೆಮ್

2014ರ ಡಿಸೆಂಬರ್ ಆರಂಭದಲ್ಲಿ ಶಿಯೋಮಿ ಕಂಪನಿ ರೆಡ್‌ಮಿ ನೋಟ್ ಫೋನನ್ನು ಫ್ಲಿಪ್‌ಕಾರ್ಟ್‌ನಲ್ಲಿ 8,999 ರೂಪಾಯಿಗೆ ಮಾರಾಟಕ್ಕಿಟ್ಟಿತು. ಒಳಗಿದ್ದದ್ದು ಎಂಟು ಕೋರುಗಳ ಮೀಡಿಯಾಟೆಕ್ ಚಿಪ್. ವಾರ ತುಂಬುವಷ್ಟರಲ್ಲಿ ಎರಿಕ್ಸನ್ ಹೂಡಿದ ಪೇಟೆಂಟ್ ದಾವೆಯಲ್ಲಿ ದೆಹಲಿ ಹೈಕೋರ್ಟ್ ಶಿಯೋಮಿಯ ಮಾರಾಟಕ್ಕೇ ತಡೆಯಾಜ್ಞೆ ಕೊಟ್ಟಿತು. ಮತ್ತೊಂದು ವಾರಕ್ಕೆ ವಿಭಾಗೀಯ ಪೀಠ ಆ ತಡೆಯನ್ನು ಭಾಗಶಃ ಸಡಿಲಿಸಿತು. ಕ್ವಾಲ್ಕಾಮ್ ಚಿಪ್ ಇರುವ ಫೋನುಗಳನ್ನು ಸದ್ಯಕ್ಕೆ ಮಾರಬಹುದು, ಪ್ರತಿ ಫೋನಿಗೆ 100 ರೂಪಾಯಿ ಠೇವಣಿ ಇಡಬೇಕು ಎಂಬುದು ಷರತ್ತು. ನಾಲ್ಕೇ ಕೋರಿನ, 5,999 ರೂಪಾಯಿಯ ರೆಡ್‌ಮಿ 1ಎಸ್ ಮರಳಿ ಮಾರಾಟಕ್ಕೆ ಬಂತು. ಎಂಟು ಕೋರಿನ ರೆಡ್‌ಮಿ ನೋಟ್ ಹೊರಗೇ ಉಳಿಯಿತು. ಕ್ವಾಲ್ಕಾಮ್ ಎರಿಕ್ಸನ್‌ನಿಂದ ಪರವಾನಗಿ ಪಡೆದಿದೆ ಎಂಬುದೊಂದೇ ಶಿಯೋಮಿಯ ಕೈಹಿಡಿದ ವಾದ. ಯಾವ ಚಿಪ್ ವೇಗವಾಗಿ ಓಡುತ್ತದೆ ಎಂಬ ಪ್ರಶ್ನೆ ಆ ಕೋರ್ಟಿನಲ್ಲಿ ಏಳಲೇ ಇಲ್ಲ, ಏಳುವ ಅಗತ್ಯವೂ ಇರಲಿಲ್ಲ.

ಇದು ನಡೆದು ಹತ್ತು ವರ್ಷಗಳು ದಾಟಿವೆ. ಆದರೂ ಮೊಬೈಲ್ ಚಿಪ್ಪಿನ ಬಗ್ಗೆ ನಮ್ಮಲ್ಲಿ ಬೇರೂರಿರುವ ನಂಬಿಕೆ ಅಲುಗಿಲ್ಲ. ವೇಗದ ಚಿಪ್, ಕಡಿಮೆ ಬ್ಯಾಟರಿ ತಿನ್ನುವ ಚಿಪ್, ಸಣ್ಣ ನ್ಯಾನೋಮೀಟರಿನ ಚಿಪ್ ಯಾರದೋ ಮಾರುಕಟ್ಟೆ ಅವರದು ಎಂಬುದು ಆ ನಂಬಿಕೆ. ಫೋನ್ ವಿಮರ್ಶೆ ಮಾಡುವ ಯೂಟ್ಯೂಬ್ ಚಾನೆಲ್ಲುಗಳು ಅಂಕಗಳ ಪಟ್ಟಿ ಓದಿ ಇದನ್ನೇ ಹೇಳುತ್ತವೆ, ಪತ್ರಿಕೆಗಳ ವಾಣಿಜ್ಯ ಪುಟಗಳು ಇದನ್ನೇ ಬರೆಯುತ್ತವೆ. ಇದರಿಂದ ಹೊರಡುವ ತೀರ್ಮಾನ ವೇದಿಕೆಗಳ ಮೇಲೆ ಮೊಳಗುತ್ತಿದೆ: ವಿನ್ಯಾಸ ಬಲ್ಲ ಎಂಜಿನಿಯರುಗಳು ಬೆಂಗಳೂರಿನಲ್ಲಿದ್ದಾರೆ, ಚಿಪ್ ತಯಾರಿಸುವ ಕಾರ್ಖಾನೆ, ಅಂದರೆ ಫ್ಯಾಬ್, ಗುಜರಾತಿಗೆ ಬರುತ್ತಿದೆ, ಇನ್ನು ನಮ್ಮದೇ ಮೊಬೈಲ್ ಚಿಪ್ ದೂರವಿಲ್ಲ.

ಈ ನಂಬಿಕೆ ತಪ್ಪು. ಅಲ್ಲಿ ಇಲ್ಲಿ ತಿದ್ದಿದರೆ ಸರಿಹೋಗುವ ತಪ್ಪೂ ಅಲ್ಲ, ಬುಡದಲ್ಲೇ ತಪ್ಪು. ಕೈಯಲ್ಲಿ ಹಿಡಿಯುವ ಸಾಧನದ ಚಿಪ್ ವ್ಯಾಪಾರವನ್ನು ಕಳೆದ ಇಪ್ಪತ್ತು ವರ್ಷಗಳಲ್ಲಿ ನಿರ್ಧರಿಸಿದ್ದು ಟವರಿನೊಂದಿಗೆ ಮಾತಾಡುವ ಮೋಡೆಮ್, ಆ ಮಾತುಕತೆಯ ನಿಯಮಗಳ ಮೇಲಿನ ಪೇಟೆಂಟ್, ಮತ್ತು ಫೋನ್ ಮಾಡುವವನ ಕೈಗೆ ಎಲ್ಲವನ್ನೂ ಒಟ್ಟಿಗೆ ಕೊಡುವ ಪೂರ್ತಿ ಸಿದ್ಧ ಪ್ಯಾಕೇಜು. ಇವನ್ನು ಮರೆತು ನ್ಯಾನೋಮೀಟರಿನ ಹಿಂದೆ ಬಿದ್ದರೆ ಸಾವಿರಾರು ಕೋಟಿ ಸುರಿದೂ ನಾವು ಇದ್ದಲ್ಲೇ ಇರುತ್ತೇವೆ.

ಇಂಟೆಲ್‌ನ ಕಥೆಯಿಂದಲೇ ಹೊರಡೋಣ, ಯಾಕೆಂದರೆ ಹಳೆಯ ನಂಬಿಕೆಯವರು ಹೆಚ್ಚು ಬಳಸಿಕೊಳ್ಳುವುದು ಇದನ್ನೇ. ಕಂಪ್ಯೂಟರ್ ಜಗತ್ತಿನ ದೊರೆ ಮೊಬೈಲಿನಲ್ಲಿ ಮಣ್ಣುಮುಕ್ಕಿದ್ದೇಕೆ ಎಂದು ಕೇಳಿದರೆ ಅದರ ಚಿಪ್ ವಿದ್ಯುತ್ ಜಾಸ್ತಿ ಕುಡಿಯುತ್ತಿತ್ತು, ಉಳಿದವರು ಬಳಸುತ್ತಿದ್ದ ಆರ್ಮ್ ವಿನ್ಯಾಸದ ಚಿಪ್ ಕಡಿಮೆ ಕುಡಿಯುತ್ತಿತ್ತು ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರ ಸುಳ್ಳೆಂದು ಸಾಬೀತಾದದ್ದು ಬೇರೆಲ್ಲೂ ಅಲ್ಲ, ನಮ್ಮ ದೇಶದ ಅಂಗಡಿಗಳಲ್ಲಿ. ಆರ್ಮ್ ಅಲ್ಲದ ಇಂಟೆಲ್ ಚಿಪ್ ಹೊತ್ತ ಜಗತ್ತಿನ ಮೊದಲ ಸ್ಮಾರ್ಟ್‌ಫೋನ್ ಲಾವಾ ಕಂಪನಿಯ ಕ್ಸೋಲೋ ಎಕ್ಸ್900. 2012ರ ಏಪ್ರಿಲ್‌ನಲ್ಲಿ ಸುಮಾರು 22,000 ರೂಪಾಯಿಗೆ ಇಲ್ಲಿ ಮಾರಾಟಕ್ಕೆ ಬಂತು. ಅಂದಿನ ಪರೀಕ್ಷೆಗಳಲ್ಲಿ ಅದು ವೇಗದಲ್ಲಿ ಆರ್ಮ್ ಫೋನುಗಳಿಗೆ ಸರಿಸಾಟಿಯಾಗಿ ನಿಂತಿತು, ಬ್ಯಾಟರಿಯಲ್ಲೂ ಮಧ್ಯಮ ಸಾಲಿನಲ್ಲೇ ಇತ್ತು. ವಿದ್ಯುತ್ ಕುಡಿಯುವ ದೋಷ ಅಲ್ಲಿಗೆ ಮುಗಿಯಿತು, ಸೋಲು ಮುಗಿಯಲಿಲ್ಲ.

ಅದೇ ವರ್ಷ ಇಂಟೆಲ್ ಬಳಿ ಜಗತ್ತಿನ ಅತ್ಯುತ್ತಮ ಫ್ಯಾಬುಗಳಿದ್ದವು. 22 ನ್ಯಾನೋಮೀಟರಿನಲ್ಲಿ ಮೂರು ಆಯಾಮದ ಟ್ರಾನ್ಸಿಸ್ಟರನ್ನು ಮೊದಲು ಮಾರುಕಟ್ಟೆಗೆ ತಂದದ್ದು ಅವರೇ. ಫ್ಯಾಬ್ ಇದ್ದರೆ ಮೊಬೈಲ್ ಮಾರುಕಟ್ಟೆ ಒಲಿಯುತ್ತದೆ ಎನ್ನುವುದಾದರೆ ಇಂಟೆಲ್‌ಗೆ ಒಲಿಯಬೇಕಿತ್ತು. ಒಲಿಯಲಿಲ್ಲ, ಏಕೆಂದರೆ ಅವರ ಬಳಿ ಸರಿಯಾದ ಮೋಡೆಮ್ ಇರಲಿಲ್ಲ. ಇನ್ಫಿನಿಯನ್ ಕಂಪನಿಯ ಮೋಡೆಮ್ ವಿಭಾಗವನ್ನು 1.4 ಶತಕೋಟಿ ಡಾಲರಿಗೆ ಕೊಳ್ಳುವುದಾಗಿ ಇಂಟೆಲ್ 2010ರಲ್ಲಿ ಪ್ರಕಟಿಸಿತ್ತು. ಆದರೆ ಅಮೆರಿಕದ ಜಾಲಗಳು 4ಜಿಯ ಎಲ್‌ಟಿಇಗೆ ಜಿಗಿಯುತ್ತಿದ್ದ ಹೊತ್ತಿಗೆ ಕೈಯಲ್ಲಿದ್ದದ್ದು 3ಜಿ ಮೋಡೆಮ್. ಅದೂ ವರ್ಷಗಟ್ಟಲೆ ತಯಾರಾದದ್ದು ಇಂಟೆಲ್‌ನ ಫ್ಯಾಬಿನಲ್ಲಲ್ಲ, ತೈವಾನಿನ ಟಿಎಸ್‌ಎಂಸಿಯಲ್ಲಿ.

ಆಮೇಲೆ ಇಂಟೆಲ್ ಮಾಡಿದ್ದು ದುಡ್ಡು ಚೆಲ್ಲುವ ಕೆಲಸ. ತನ್ನ ಚಿಪ್ ಹಾಕಿಕೊಂಡರೆ ತಗಲುವ ಹೆಚ್ಚಿನ ಖರ್ಚನ್ನು ಟ್ಯಾಬ್ಲೆಟ್ ತಯಾರಕರಿಗೆ ತಾನೇ ತುಂಬಿಕೊಟ್ಟಿತು. 2014ರಲ್ಲಿ 4 ಕೋಟಿ ಟ್ಯಾಬ್ಲೆಟ್ ಗುರಿ ಇಟ್ಟು 4.6 ಕೋಟಿ ಮುಟ್ಟಿತು. ಎಣಿಕೆ ನೋಡಿದರೆ ಗೆಲುವು. ಲೆಕ್ಕಪುಸ್ತಕ ತೆರೆದರೆ ಆ ವರ್ಷ ಮೊಬೈಲ್ ವಿಭಾಗದ ಆದಾಯ 20.2 ಕೋಟಿ ಡಾಲರ್, ನಷ್ಟ 4.2 ಶತಕೋಟಿ ಡಾಲರ್. 2016ರ ಏಪ್ರಿಲ್‌ನಲ್ಲಿ ಫೋನ್ ಚಿಪ್ ಯೋಜನೆಗಳನ್ನು ರದ್ದುಮಾಡಿ ಕೈತೊಳೆದುಕೊಂಡರು.

ಇದಕ್ಕೂ ಹಿಂದಿನ ತಪ್ಪು ಇನ್ನೂ ದೊಡ್ಡದು, ಅದಂತೂ ಅಪ್ಪಟ ವ್ಯಾಪಾರದ ತಪ್ಪು. ಆರ್ಮ್ ಆಧಾರಿತ ಎಕ್ಸ್‌ಸ್ಕೇಲ್ ಎಂಬ ಮೊಬೈಲ್ ಚಿಪ್ ಇಂಟೆಲ್ ಬಳಿಯೇ ಇತ್ತು. ಐಫೋನ್ ಬರುವ ಹಿಂದಿನ ವರ್ಷ, 2006ರಲ್ಲಿ, ಅದನ್ನು 60 ಕೋಟಿ ಡಾಲರಿಗೆ ಮಾರ್ವೆಲ್‌ಗೆ ಮಾರಿಬಿಟ್ಟರು. ಐಫೋನಿಗೆ ಚಿಪ್ ಕೊಡುವ ಅವಕಾಶ ಬಂದಾಗ ಆಪಲ್ ಹೇಳಿದ ಬೆಲೆ ತಮ್ಮ ಅಂದಾಜು ವೆಚ್ಚಕ್ಕಿಂತ ಕಡಿಮೆಯಾಯಿತೆಂದು ಬಿಟ್ಟೆವು, ವೆಚ್ಚದ ಅಂದಾಜೂ ತಪ್ಪಿತ್ತು, ಮಾರಾಟ ಎಲ್ಲರ ಊಹೆಗಿಂತ ನೂರು ಪಟ್ಟು ಹೆಚ್ಚಾಯಿತು ಎಂದು ಮುಖ್ಯಸ್ಥ ಪಾಲ್ ಒಟೆಲಿನಿ 2013ರಲ್ಲಿ ಅಟ್ಲಾಂಟಿಕ್ ಪತ್ರಿಕೆಗೆ ಹೇಳಿದರು. ಒಂದೊಂದು ಚಿಪ್ಪಿಗೆ ಭಾರಿ ಲಾಭ ಕಂಡವರಿಗೆ ಹತ್ತಿಪ್ಪತ್ತು ಡಾಲರಿನ ಚಿಪ್ ಮಾರುವ ಮನಸ್ಸು ಬರಲಿಲ್ಲ. ಇಲ್ಲಿ ಟ್ರಾನ್ಸಿಸ್ಟರಿನ ತಪ್ಪು ಎಲ್ಲಿದೆ?

ಇಂಟೆಲ್ ಒಂದೇ ಸಾಕ್ಷಿಯಾಗಿದ್ದರೆ ಅಪವಾದ ಎನ್ನಬಹುದಿತ್ತು. 2012ರ ಗ್ಯಾಲಕ್ಸಿ ಎಸ್3 ನೋಡಿ. ಸ್ಯಾಮ್‌ಸಂಗ್ ತಾನೇ ರೂಪಿಸಿ, ತನ್ನ ಫ್ಯಾಬಿನಲ್ಲೇ ತಯಾರಿಸಿದ ನಾಲ್ಕು ಕೋರಿನ ಎಕ್ಸಿನೋಸ್ ಚಿಪ್ಪನ್ನು ಜಗತ್ತಿನ ಬಹುಭಾಗಕ್ಕೆ ಕಳಿಸಿತು. ಅಮೆರಿಕಕ್ಕೆ ಕಳಿಸಿದ ಫೋನುಗಳಲ್ಲಿ ಎರಡು ಕೋರಿನ ಕ್ವಾಲ್ಕಾಮ್ ಚಿಪ್. ತನ್ನ ಮನೆಯ ಚಿಪ್ಪನ್ನು ಬದಿಗಿಟ್ಟು ಪ್ರತಿಸ್ಪರ್ಧಿಗೆ ದುಡ್ಡು ತೆತ್ತು, ಅರ್ಧದಷ್ಟು ಕೋರಿನ ಚಿಪ್ಪನ್ನು ಸ್ಯಾಮ್‌ಸಂಗ್ ಏಕೆ ಹಾಕಿತು? ಆ ಚಿಪ್ಪಿನೊಳಗೇ ಎಲ್‌ಟಿಇ ಮೋಡೆಮ್ ಇತ್ತು. ಅದೇ ವರ್ಷ ಎಚ್‌ಟಿಸಿ ಒನ್ ಎಕ್ಸ್ ಕೂಡ ಬೇರೆಡೆ ಎನ್ವಿಡಿಯಾದ ನಾಲ್ಕು ಕೋರಿನ ಟೆಗ್ರಾ ಹೊತ್ತು ಹೋಯಿತು, ಅಮೆರಿಕದ ಎಲ್‌ಟಿಇ ಜಾಲಕ್ಕೆ ಕ್ವಾಲ್ಕಾಮ್ ಹೊತ್ತು ಹೋಯಿತು.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಥೆ ಬೆಂಗಳೂರಿನವರಿಗೆ ಹತ್ತಿರದ್ದು. 1985ರಲ್ಲಿ ಇಲ್ಲಿ ವಿನ್ಯಾಸ ಕೇಂದ್ರ ತೆರೆದ ಕಂಪನಿ ಅದು. ಈ ಊರಿನ ಚಿಪ್ ಎಂಜಿನಿಯರುಗಳ ಎರಡು ತಲೆಮಾರು ಕೆಲಸ ಕಲಿತದ್ದೇ ಅಲ್ಲಿ. ನೋಕಿಯಾ ಎನ್95, ಮೊಟೊರೊಲಾ ಡ್ರಾಯ್ಡ್, ಪಾಮ್ ಪ್ರೀ, ಗ್ಯಾಲಕ್ಸಿ ನೆಕ್ಸಸ್, ಕಿಂಡಲ್ ಫೈರ್ ಎಲ್ಲದರಲ್ಲೂ ಅವರ ಒಮ್ಯಾಪ್ ಚಿಪ್ ಇತ್ತು. ಒಮ್ಯಾಪ್ ಕೆಟ್ಟ ಚಿಪ್ ಎಂದು ಯಾರೂ ಹೇಳಲಿಲ್ಲ. ಆದರೆ 2008ರಲ್ಲೇ ಅವರು ಮೋಡೆಮ್ ವ್ಯಾಪಾರದಿಂದ ಹೊರಬರುವುದಾಗಿ ಸಾರಿದ್ದರು. ಮೋಡೆಮ್ ಬಿಟ್ಟು ಪ್ರೊಸೆಸರ್ ಉಳಿಸಿಕೊಂಡರೆ ಸಾಕೆಂಬ ಲೆಕ್ಕ ನಾಲ್ಕೇ ವರ್ಷ ನಡೆಯಿತು. 2012ರಲ್ಲಿ ಫೋನು, ಟ್ಯಾಬ್ಲೆಟ್ಟುಗಳ ಪ್ರೊಸೆಸರ್ ಕೈಬಿಟ್ಟರು, ಜಗತ್ತಿನಾದ್ಯಂತ 1,700 ಜನ ಕೆಲಸ ಕಳೆದುಕೊಂಡರು. ಎನ್ವಿಡಿಯಾ ಮೋಡೆಮಿನ ಅಗತ್ಯ ಅರಿತು ಐಸೆರಾ ಎಂಬ ಮೋಡೆಮ್ ಕಂಪನಿಯನ್ನು 36.7 ಕೋಟಿ ಡಾಲರಿಗೆ ಕೊಂಡಿತು, 2015ರಲ್ಲಿ ಅದನ್ನೂ ಮುಚ್ಚಿತು. ಬ್ರಾಡ್‌ಕಾಮ್ 2014ರಲ್ಲಿ, ಮಾರ್ವೆಲ್ 2015ರಲ್ಲಿ ಹೊರನಡೆದವು. ಎಸ್‌ಟಿ-ಎರಿಕ್ಸನ್ ಅದಕ್ಕೂ ಮೊದಲೇ ಕಣ್ಮುಚ್ಚಿತ್ತು. ಇವರಲ್ಲಿ ಒಬ್ಬರಿಗೂ ಪ್ರತಿಭೆಯ ಕೊರತೆ ಇರಲಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದಾದರೂ ರಿಪೇರಿ ಅಂಗಡಿಯಲ್ಲಿ ಫೋನಿನ ಬೋರ್ಡನ್ನು ದೀಪದ ಕೆಳಗೆ ಇಟ್ಟು ನೋಡಿದರೆ ಕಾರಣ ಕಣ್ಣಿಗೇ ಬೀಳುತ್ತದೆ. ತಗಡಿನ ಮುಚ್ಚಳ ಎತ್ತಿದರೆ ಮಧ್ಯದಲ್ಲಿ ಉಗುರಿನಗಲದ ಕಪ್ಪು ಚೌಕ. ಮೇಲೆ ಕಾಣುವುದು ಹಲವು ಸಲ ಮೆಮೊರಿ, ಅದರ ಅಡಿಯಲ್ಲಿ ಮುಖ್ಯ ಚಿಪ್. ಪಕ್ಕದಲ್ಲಿ ರಿಪೇರಿಯವರು ಪವರ್ ಐಸಿ ಎನ್ನುವ ಇನ್ನೊಂದು ಚೌಕ, ಅದರಾಚೆ ನೆಟ್‌ವರ್ಕ್ ಐಸಿ, ಆಂಟೆನಾದ ಕಡೆಗೆ ಸಿಗ್ನಲ್ ಹಿಗ್ಗಿಸುವ ಸಣ್ಣ ಭಾಗಗಳು. ಮುಖ್ಯ ಚಿಪ್ ಕ್ವಾಲ್ಕಾಮ್‌ನದಾದರೆ ಪವರ್ ಐಸಿ, ನೆಟ್‌ವರ್ಕ್ ಐಸಿಗಳ ಮೇಲೂ ಬಹುಪಾಲು ಅದೇ ಕಂಪನಿಯ ಅಕ್ಷರಗಳು. ಮೀಡಿಯಾಟೆಕ್ ಆದರೆ ಮೀಡಿಯಾಟೆಕ್‌ನವೇ. ಒಂದನ್ನು ಕೊಂಡವನು ಗುಂಪನ್ನೇ ಕೊಂಡಿರುತ್ತಾನೆ, ಅವುಗಳ ಜೊತೆ ಬರುವ ಸಾಫ್ಟ್‌ವೇರನ್ನೂ. ಬರೀ ಪ್ರೊಸೆಸರ್ ಹಿಡಿದು ಬಂದವನಿಗೆ ಈ ಬೋರ್ಡಿನಲ್ಲಿ ಜಾಗ ಎಲ್ಲಿ?

ಕ್ವಾಲ್ಕಾಮ್ ಇದನ್ನು ಎಲ್ಲರಿಗಿಂತ ಮೊದಲು ಅರಿತಿತ್ತು. 1985ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಇರ್ವಿನ್ ಜೇಕಬ್ಸ್, ಆಂಡ್ರ್ಯೂ ವಿಟರ್ಬಿ ಮತ್ತು ಸಂಗಡಿಗರು ಕಟ್ಟಿದ ಕಂಪನಿ ಸಿಡಿಎಂಎ ತಂತ್ರವನ್ನು ಮೊಬೈಲಿಗೆ ತಂದಿತು. ಅದರ ಎಂಜಿನಿಯರಿಂಗ್ ದೊಡ್ಡದು, ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಮಾರುಕಟ್ಟೆಯನ್ನು ಕಟ್ಟಿಹಾಕಿದ್ದು ಆ ಎಂಜಿನಿಯರಿಂಗಿನ ಮೇಲೆ ಕಟ್ಟಿದ ನಿಯಮ: ಮೊದಲು ಪೇಟೆಂಟಿಗೆ ಪರವಾನಗಿ ತೆಗೆದುಕೊಳ್ಳಿ, ಆಮೇಲೆ ಚಿಪ್. ಪರವಾನಗಿಯ ಶುಲ್ಕ ಚಿಪ್ಪಿನ ಬೆಲೆಯ ಮೇಲಲ್ಲ, ಇಡೀ ಫೋನಿನ ಬೆಲೆಯ ಮೇಲೆ. ಪ್ರತಿಸ್ಪರ್ಧಿಯ ಚಿಪ್ ಹಾಕಿದರೂ ಆ ಶುಲ್ಕ ತಪ್ಪದು. ಚೀನಾ 2015ರಲ್ಲಿ ಇದರ ಮೇಲೆ 97.5 ಕೋಟಿ ಡಾಲರ್ ದಂಡ ಹಾಕಿದಾಗಲೂ ಪದ್ಧತಿ ಅಳಿಯಲಿಲ್ಲ. ಅಲ್ಲಿ ಮಾರುವ ಫೋನುಗಳಿಗೆ ಬೆಲೆಯ ಶೇ. 65ನ್ನು ಆಧಾರವಾಗಿಟ್ಟು 3ಜಿಗೆ ಶೇ. 5, 4ಜಿಗೆ ಶೇ. 3.5 ಎಂದು ಗೊತ್ತಾಯಿತು. ದಕ್ಷಿಣ ಕೊರಿಯಾ 2016ರಲ್ಲಿ ಒಂದು ಲಕ್ಷ ಕೋಟಿ ವಾನ್ ಮೀರಿದ ದಂಡ ವಿಧಿಸಿತು, 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಮೆರಿಕದಲ್ಲಿ ಮಾತ್ರ 2019ರಲ್ಲಿ ನ್ಯಾಯಾಧೀಶೆ ಲೂಸಿ ಕೊ ಕ್ವಾಲ್ಕಾಮ್ ವಿರುದ್ಧ ಕೊಟ್ಟ ತೀರ್ಪನ್ನು ಮರುವರ್ಷ ಮೇಲ್ಮನವಿ ನ್ಯಾಯಾಲಯ ತಿರುಗಿಸಿಬಿಟ್ಟಿತು. ಕಾನೂನಿನ ದೃಷ್ಟಿಯಲ್ಲಿ ಇದು ಸರಿಯೋ ತಪ್ಪೋ ಎಂಬುದನ್ನು ದೇಶದೇಶಗಳ ಕೋರ್ಟುಗಳು ಬೇರೆಬೇರೆಯಾಗಿ ಹೇಳಿವೆ. ಹಣ ಎಲ್ಲಿ ಹುಟ್ಟುತ್ತದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ: 2024ರ ಹಣಕಾಸು ವರ್ಷದಲ್ಲಿ ಕ್ವಾಲ್ಕಾಮ್‌ಗೆ ಪರವಾನಗಿಯಿಂದ ಬಂದ ಆದಾಯ ಸುಮಾರು 5.6 ಶತಕೋಟಿ ಡಾಲರ್, ಅದರಲ್ಲಿ ತೆರಿಗೆಗೆ ಮುಂಚಿನ ಲಾಭ ಶೇ. 70ರ ಆಸುಪಾಸು. ಚಿಪ್ ಮಾರಾಟದಲ್ಲಿ ಆ ಲಾಭದ ಪ್ರಮಾಣ ಶೇ. 30ನ್ನೂ ಮುಟ್ಟಲಿಲ್ಲ.

ಫೋನಿನ ಬೆಲೆಯ ಮೇಲೆ ಲೆಕ್ಕ ಹಾಕುವ ಈ ಪದ್ಧತಿ ನಮ್ಮಲ್ಲೂ ಪ್ರಶ್ನೆಗೊಳಗಾಗಿತ್ತು. 2013ರಲ್ಲಿ ಮೈಕ್ರೋಮ್ಯಾಕ್ಸ್ ದೂರಿನ ಮೇಲೆ ಎರಿಕ್ಸನ್ ವಿರುದ್ಧ ತನಿಖೆಗೆ ಆದೇಶಿಸುತ್ತ ಭಾರತೀಯ ಸ್ಪರ್ಧಾ ಆಯೋಗ ಸರಳ ಲೆಕ್ಕವೊಂದನ್ನು ಮುಂದಿಟ್ಟಿತು. 100 ರೂಪಾಯಿಯ ಫೋನಿನಲ್ಲಿ ಜಿಎಸ್‌ಎಂ ಚಿಪ್ ಇದ್ದರೆ ರಾಯಧನ 1.25 ರೂಪಾಯಿ, ಅದೇ ಚಿಪ್ 1,000 ರೂಪಾಯಿಯ ಫೋನಿನಲ್ಲಿದ್ದರೆ 12.50. ಚಿಪ್ ಬದಲಾಗಿಲ್ಲ, ಅದರ ಕೆಲಸವೂ ಬದಲಾಗಿಲ್ಲ, ರಾಯಧನ ಹತ್ತು ಪಟ್ಟು. ಆ ತನಿಖೆಯೂ ಮುಂದುವರಿಯಲಿಲ್ಲ. ಪೇಟೆಂಟ್ ಪರವಾನಗಿ ಆಯೋಗದ ವ್ಯಾಪ್ತಿಗೆ ಬರುವುದಿಲ್ಲವೆಂದು ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿತು.

ಇಲ್ಲಿ ಎದುರಾಳಿಗಳು ಆಪಲ್ ಹೆಸರು ಎತ್ತುತ್ತಾರೆ. ಅತ್ಯುತ್ತಮ ಚಿಪ್ ಮಾಡಿಯೇ ಆಪಲ್ ಗೆದ್ದಿತಲ್ಲವೇ ಎನ್ನುತ್ತಾರೆ. ಈ ವಾದಕ್ಕೆ ತೂಕವಿದೆ, ಉತ್ತರ ಕೊಡಲೇಬೇಕು. 2010ರ ಎ4ರಿಂದ ಶುರುಮಾಡಿ ಆಪಲ್ ರೂಪಿಸಿದ ಪ್ರೊಸೆಸರುಗಳು ವೇಗದಲ್ಲಿ ಎಲ್ಲರನ್ನೂ ಹಿಂದೆ ಹಾಕಿದವು ನಿಜ. ಅಂಥ ಆಪಲ್ ಕೂಡ ಮೋಡೆಮ್ ಎದುರು ತಲೆಬಾಗಬೇಕಾಯಿತು. 2017ರಲ್ಲಿ ಕ್ವಾಲ್ಕಾಮ್ ಮೇಲೆ ಮೊಕದ್ದಮೆ ಹೂಡಿ, ರಾಯಧನ ತಡೆಹಿಡಿದು, ಇಂಟೆಲ್ ಮೋಡೆಮ್ ನೆಚ್ಚಿಕೊಂಡಿತು. 5ಜಿ ಹತ್ತಿರ ಬಂತು, ಇಂಟೆಲ್ ಮೋಡೆಮ್ ಸಿದ್ಧವಾಗಲಿಲ್ಲ. 2019ರ ಏಪ್ರಿಲ್ 16ರಂದು ವಿಚಾರಣೆ ಶುರುವಾಗುತ್ತಿದ್ದಂತೆಯೇ ಆಪಲ್ ರಾಜಿಯಾಯಿತು. ಅಂದೇ ಇಂಟೆಲ್ 5ಜಿ ಫೋನ್ ಮೋಡೆಮ್ ಕೈಬಿಡುವುದಾಗಿ ಪ್ರಕಟಿಸಿತು. ಆ ರಾಜಿಯಿಂದ ಕ್ವಾಲ್ಕಾಮ್ ತನ್ನ ಲೆಕ್ಕಕ್ಕೆ ಹಾಕಿಕೊಂಡದ್ದು 4.7 ಶತಕೋಟಿ ಡಾಲರ್. ಆಪಲ್ ಅದೇ ವರ್ಷ ಇಂಟೆಲ್‌ನ ಮೋಡೆಮ್ ವಿಭಾಗವನ್ನು ಒಂದು ಶತಕೋಟಿ ಡಾಲರಿಗೆ, ಸುಮಾರು 2,200 ಜನರ ಸಮೇತ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಅದರ ಮೊದಲ ಫಲ, ಸಿ1 ಮೋಡೆಮ್, ಐಫೋನ್ 16ಇ ಒಳಗೆ ಬಂದದ್ದು 2025ರ ಫೆಬ್ರುವರಿಯಲ್ಲಿ. ಪ್ರೊಸೆಸರಿನಲ್ಲಿ ಜಗತ್ತಿಗೇ ಮುಂದಿದ್ದ, ದುಡ್ಡಿಗೆ ಬರವಿಲ್ಲದ ಕಂಪನಿಗೆ ಹೆಚ್ಚುಕಡಿಮೆ ಆರು ವರ್ಷ ಬೇಕಾಯಿತು.

ಮೋಡೆಮ್ ಕೂಡ ತಂತ್ರಜ್ಞಾನವೇ, ಆದ್ದರಿಂದ ಉತ್ತಮ ತಂತ್ರಜ್ಞಾನವೇ ಗೆದ್ದಂತಾಯಿತು ಎಂದು ಇನ್ನೊಂದು ಸುತ್ತು ವಾದಿಸುವವರಿದ್ದಾರೆ. ಎರಡೂ ಒಂದೇ ಜಾತಿಯವಲ್ಲ. ಪ್ರೊಸೆಸರನ್ನು ಪ್ರಯೋಗಾಲಯದಲ್ಲಿ ಕೂತು ಅಳೆಯಬಹುದು. ಮೋಡೆಮ್ ಚಲಿಸುವ ರೈಲಿನಲ್ಲಿ, ಸಿಗ್ನಲ್ ಕುಸಿಯುವ ಮಲೆನಾಡಿನ ತಿರುವಿನಲ್ಲಿ, ಹತ್ತಾರು ದೇಶಗಳ ನೂರಾರು ಜಾಲಗಳಲ್ಲಿ, ಬೇರೆಬೇರೆ ಕಂಪನಿಗಳ ಟವರುಗಳೊಂದಿಗೆ ಹೊಂದಿಕೊಳ್ಳಬೇಕು. 5ಜಿ ಸಿಗದಿದ್ದರೆ 4ಜಿಗೆ, ಅದೂ ಸಿಗದಿದ್ದರೆ ಹಳೆಯ ಜಾಲಗಳಿಗೆ ಕರೆ ಕಡಿಯದಂತೆ ಇಳಿಯಬೇಕು. ಇದಕ್ಕೆ ಬೇಕಾದ್ದು ವರ್ಷಗಟ್ಟಲೆಯ ಊರೂರು ಪರೀಕ್ಷೆ, ಟೆಲಿಕಾಂ ಕಂಪನಿಗಳ ಒಪ್ಪಿಗೆ. ಆ ಟವರಿನ ನಿಯಮಗಳನ್ನು ಬರೆಯುವುದು 3ಜಿಪಿಪಿ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ಸಭೆಗಳಲ್ಲಿ. ಅಲ್ಲಿ ಯಾರ ಉಪಾಯ ನಿಯಮವಾಗುತ್ತದೋ ಅವರ ಪೇಟೆಂಟ್ ಪ್ರತಿ ಫೋನಿನೊಳಗೂ ಕೂರುತ್ತದೆ. ಮಾರುಕಟ್ಟೆಯ ಪೈಪೋಟಿ ಶುರುವಾಗುವ ಎಷ್ಟೋ ವರ್ಷ ಮೊದಲೇ ಫಲಿತಾಂಶದ ದೊಡ್ಡ ಪಾಲು ಆ ಸಭೆಗಳಲ್ಲಿ ಬರೆದಾಗಿರುತ್ತದೆ.

ಪೇಟೆಂಟಿನ ಬಲ ಅಷ್ಟಿಲ್ಲದೆಯೂ ಗೆದ್ದವರು ಮೀಡಿಯಾಟೆಕ್. ಅವರ ಗೆಲುವು ವೇಗದ ಸಿದ್ಧಾಂತಕ್ಕೆ ಇನ್ನೂ ದೊಡ್ಡ ಪೆಟ್ಟು. 1997ರಲ್ಲಿ ತೈವಾನಿನ ಸಿಂಚುವಿನಲ್ಲಿ ಹುಟ್ಟಿದ ಈ ಕಂಪನಿ ಸಿಡಿ, ಡಿವಿಡಿ ಪ್ಲೇಯರುಗಳ ಚಿಪ್ ಮಾಡುತ್ತಿತ್ತು. ಫೋನಿಗೆ ಬಂದಾಗ ಅದು ಚಿಪ್ಪಿನ ಜೊತೆಗೆ ಬೋರ್ಡಿನ ನಕ್ಷೆ, ಚಾಲನೆಗೆ ಬೇಕಾದ ಸಾಫ್ಟ್‌ವೇರ್, ಹೊಂದುವ ಪರದೆ ಮತ್ತು ಕ್ಯಾಮೆರಾಗಳ ಪಟ್ಟಿ, ಸಮಸ್ಯೆ ಬಂದರೆ ಬಗೆಹರಿಸುವ ಎಂಜಿನಿಯರುಗಳನ್ನೂ ಕೊಟ್ಟಿತು. ಶೆಂಜೆನ್‌ನ ಸಣ್ಣ ತಂಡವೊಂದು ಕೆಲವೇ ತಿಂಗಳಲ್ಲಿ ಹೊಸ ಫೋನು ಹೊರತರಬಹುದಾಯಿತು. ನಮ್ಮೂರ ಸಂತೆಗಳಲ್ಲಿ ಒಂದು ಕಾಲಕ್ಕೆ ರಾಶಿರಾಶಿ ಸಿಗುತ್ತಿದ್ದ ಚೈನಾ ಸೆಟ್ಟುಗಳು, ಎರಡು ಸಿಮ್ಮಿನ, ಊರಿಗೆಲ್ಲ ಕೇಳುವ ಸ್ಪೀಕರಿನ ಆ ಫೋನುಗಳು, ಬಹುಪಾಲು ಇದರ ಕೂಸುಗಳು. ನೋಕಿಯಾ ತಿಂಗಳುಗಟ್ಟಲೆ ಯೋಚಿಸುತ್ತಿದ್ದಾಗ ಎರಡು ಸಿಮ್ ಬೇಕೆಂಬ ಬಡವರ ಅಗತ್ಯಕ್ಕೆ ಉತ್ತರ ಕೊಟ್ಟದ್ದು ಇವು. ವೇಗದ ಪಟ್ಟಿ ಹಿಡಿದವರು ಮೀಡಿಯಾಟೆಕ್ ಎಂದರೆ ಅಗ್ಗದ ಮಾಲು ಎಂದು ಮೂಗು ಮುರಿದರು. 2020ರ ಹೊತ್ತಿಗೆ ಎಣಿಕೆಯಲ್ಲಿ ಜಗತ್ತಿನ ಅತಿ ಹೆಚ್ಚು ಸ್ಮಾರ್ಟ್‌ಫೋನ್ ಚಿಪ್ ಮಾರುವ ಕಂಪನಿ ಅದೇ ಆಗಿತ್ತು.

ಈ ಸಿದ್ಧ ಪ್ಯಾಕೇಜಿನ ಮೇಲೆ ನಮ್ಮ ಬ್ರಾಂಡುಗಳೂ ಬೆಳೆದವು. ಮೈಕ್ರೋಮ್ಯಾಕ್ಸ್, ಲಾವಾ, ಬೆಂಗಳೂರಿನ ಯುಟಿಎಲ್ ಮತ್ತು ದೆಹಲಿಯ ಜೈನಾ ಗುಂಪುಗಳ ಜಂಟಿ ಸಂಸ್ಥೆ ಕಾರ್ಬನ್, ಎಲ್ಲವೂ. ಒಂದು ಹಂತದಲ್ಲಿ ಸ್ಯಾಮ್‌ಸಂಗ್‌ಗೂ ನಡುಕ ಹುಟ್ಟಿಸಿದವು. 4ಜಿ ಬಂದು, ಶಿಯೋಮಿ, ಒಪ್ಪೊ, ವಿವೊ ನೇರವಾಗಿ ಇಳಿದಾಗ ಎರಡೇ ಮೂರು ವರ್ಷಗಳಲ್ಲಿ ನೆಲಕಚ್ಚಿದವು. ಎಲ್ಲರಿಗೂ ಒಂದೇ ಪ್ಯಾಕೇಜ್ ಸಿಗುವಾಗ ಪ್ಯಾಕೇಜ್ ಕೊಳ್ಳುವವನಿಗೆ ಉಳಿಯುವುದು ಜಾಹೀರಾತು ಮತ್ತು ಬೆಲೆ ಕಡಿತ ಮಾತ್ರ. ಲಾಭ ಪ್ಯಾಕೇಜ್ ಮಾಡುವವನಲ್ಲೇ ನಿಂತಿತು.

2017ರ ಜಿಯೋಫೋನ್ ಇನ್ನೊಂದು ಸಾಕ್ಷಿ. ಒಂದೇ ಹೆಸರಿನ ಆ ಫೋನು ಕೆಲವು ಪೆಟ್ಟಿಗೆಗಳಲ್ಲಿ ಸ್ಪ್ರೆಡ್‌ಟ್ರಮ್ ಚಿಪ್ ಹೊತ್ತು, ಕೆಲವುಗಳಲ್ಲಿ ಕ್ವಾಲ್ಕಾಮ್ 205 ಹೊತ್ತು ಬಂತು. 1,500 ರೂಪಾಯಿ ಠೇವಣಿ ಕಟ್ಟಿ ಒಯ್ದ ರೈತನಿಗೆ ಯಾವುದು ಬಂತೆಂದು ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಜಿಯೋ ಜಾಲದಲ್ಲಿ 4ಜಿ ಬಿಟ್ಟರೆ ಬೇರೆ ಇರಲಿಲ್ಲ, ಮಾತು ಕೂಡ 4ಜಿ ಮೇಲೇ ಹೋಗಬೇಕು. ಅದನ್ನು ಮಾಡುವ ಅತಿ ಅಗ್ಗದ ಮೋಡೆಮ್ ಯಾರು ಕೊಟ್ಟರೋ ಅವರ ಚಿಪ್ ಒಳಗೆ ಹೋಯಿತು.

ಚೀನಾದ ಇತ್ತೀಚಿನ ಯತ್ನಗಳನ್ನೂ ನೋಡಿ. ಒಪ್ಪೊ 2019ರಲ್ಲಿ ಝೆಕು ಎಂಬ ಚಿಪ್ ಕಂಪನಿ ಕಟ್ಟಿ, ಸುಮಾರು 3,000 ಜನರನ್ನು ಸೇರಿಸಿಕೊಂಡು, 2023ರ ಮೇ ತಿಂಗಳಲ್ಲಿ ಒಮ್ಮೆಲೇ ಬಾಗಿಲು ಹಾಕಿತು. ಶಿಯೋಮಿ 2025ರಲ್ಲಿ 3 ನ್ಯಾನೋಮೀಟರಿನ, ಹತ್ತು ಕೋರಿನ ಎಕ್ಸ್‌ರಿಂಗ್ ಒ1 ಚಿಪ್ಪನ್ನು ಟಿಎಸ್‌ಎಂಸಿಯಲ್ಲಿ ಮಾಡಿಸಿ ತಂದಿತು. ಅದು ನಿಜವಾದ ಸಾಧನೆ. ಆ ಫೋನಿನಲ್ಲೂ ಮೋಡೆಮ್ ಮೀಡಿಯಾಟೆಕ್‌ನದೇ. ಹುವಾವೆಗೆ 2020ರಲ್ಲಿ ಅಮೆರಿಕ ಟಿಎಸ್‌ಎಂಸಿಯ ಬಾಗಿಲು ಮುಚ್ಚಿಸಿದಾಗ ಫ್ಯಾಬ್ ಎಷ್ಟು ಮುಖ್ಯ ಎಂಬುದು ಎಲ್ಲರಿಗೂ ಕಂಡಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮೂರು ವರ್ಷಗಳ ಬಳಿಕ ಮೇಟ್ 60 ಪ್ರೊ ಮೂಲಕ ಹುವಾವೆ ಮರಳಿದ್ದು ಹೇಗೆಂಬುದನ್ನೂ ಕಾಣಬೇಕಲ್ಲ? ಚೀನಾದ್ದೇ ಎಸ್‌ಎಂಐಸಿ ಮಾಡಿಕೊಟ್ಟ 7 ನ್ಯಾನೋಮೀಟರಿನ ಆ ಚಿಪ್ ವೇಗದಲ್ಲಿ ಎದುರಾಳಿಗಳಿಗಿಂತ ಹಿಂದಿತ್ತು. ಆದರೆ ಮೋಡೆಮ್ ಹುವಾವೆಯದೇ, 5ಜಿ ಪೇಟೆಂಟುಗಳ ದೊಡ್ಡ ರಾಶಿಯೂ ಹುವಾವೆಯದೇ. ಹಿಂದುಳಿದ ಚಿಪ್ ಹಿಡಿದೇ ಚೀನಾದ ಮಾರುಕಟ್ಟೆಯಲ್ಲಿ ಎದ್ದುನಿಂತಿತು.

ಈಗ ನಮ್ಮ ಮನೆಯ ವಿಷಯ. ಗುಜರಾತಿನ ಧೊಲೇರಾದಲ್ಲಿ ಟಾಟಾ ಮತ್ತು ತೈವಾನಿನ ಪಿಎಸ್‌ಎಂಸಿ ಕಟ್ಟುತ್ತಿರುವ 91,000 ಕೋಟಿ ರೂಪಾಯಿಯ ಫ್ಯಾಬ್ 28ರಿಂದ 110 ನ್ಯಾನೋಮೀಟರಿನ ಚಿಪ್ಪುಗಳಿಗೆ. ವಾಹನಗಳಿಗೆ, ಪರದೆಗಳಿಗೆ, ವಿದ್ಯುತ್ ನಿರ್ವಹಣೆಗೆ ಅದು ಬೇಕೇಬೇಕು, ಅದರ ವಿರುದ್ಧ ನನ್ನ ತಕರಾರಿಲ್ಲ. ತಕರಾರು ಇರುವುದು ಹಣ ಹಂಚಿದ ರೀತಿಯ ಮೇಲೆ. ಫ್ಯಾಬ್ ವೆಚ್ಚದ ಅರ್ಧದಷ್ಟನ್ನು ಕೇಂದ್ರ ಸರ್ಕಾರವೇ ಕೊಡುತ್ತದೆ. ಆ ನೆರವು ಬರುವ 76,000 ಕೋಟಿಯ ಯೋಜನೆಯಲ್ಲೇ ವಿನ್ಯಾಸ ಕಂಪನಿಗಳ ಪ್ರೋತ್ಸಾಹಕ್ಕೆ ಇಟ್ಟದ್ದು 1,000 ಕೋಟಿ, ಒಂದು ಅರ್ಜಿಗೆ ವಿನ್ಯಾಸದ ವೆಚ್ಚದಲ್ಲಿ ಮರಳಿ ಸಿಗುವುದು ಗರಿಷ್ಠ 15 ಕೋಟಿ. ಒಂದು ಮೋಡೆಮ್ಮನ್ನು ಹುಟ್ಟಿಸಿ, ಊರೂರು ಪರೀಕ್ಷೆ ಮುಗಿಸಿ, ಟೆಲಿಕಾಂ ಕಂಪನಿಗಳ ಒಪ್ಪಿಗೆ ಪಡೆಯುವವರೆಗೆ ಈ 15 ಕೋಟಿ ಎಲ್ಲಿಗೆ ಸಾಲುತ್ತದೆ? ಐಸೆರಾಗೆ ಎನ್ವಿಡಿಯಾ ತೆತ್ತ ಬೆಲೆಯ ಪಕ್ಕದಲ್ಲಿಟ್ಟು ನೋಡಿ.

ನಮ್ಮಲ್ಲಿ ಮೋಡೆಮ್ ಮಾಡುವವರಿಲ್ಲ ಎನ್ನುವ ಮಾತೂ ಸುಳ್ಳು. 2019ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಿಗ್ನಲ್‌ಚಿಪ್ ಎಂಬ ಕಂಪನಿ ದೇಶದ ಮೊದಲ ಸ್ವದೇಶಿ 4ಜಿ, 5ಜಿ ಮೋಡೆಮ್ ಚಿಪ್ಪುಗಳನ್ನು ದೆಹಲಿಯಲ್ಲಿ ಬಿಡುಗಡೆ ಮಾಡಿತು. ಎಂಟು ವರ್ಷಕ್ಕೂ ಮೀರಿದ ದುಡಿಮೆ, 28 ನ್ಯಾನೋಮೀಟರಿನ ವಿನ್ಯಾಸ. ಅವಕ್ಕೆ ಅವರು ಇಟ್ಟ ಹೆಸರು ಆಗುಂಬೆ. ಅಂದಿನ ದೂರಸಂಪರ್ಕ ಕಾರ್ಯದರ್ಶಿ ಅರುಣಾ ಸುಂದರರಾಜನ್ ಅನಾವರಣಗೊಳಿಸಿದರು, ಫೋಟೋಗಳು ಬಂದವು, ಹೊಗಳಿಕೆ ಬಂತು. ಆ ಮೋಡೆಮ್ ಹೊತ್ತ ಫೋನು ನಮ್ಮ ಅಂಗಡಿಗಳಿಗೆ ಬರಲಿಲ್ಲ. ಬೆಂಗಳೂರಿನದೇ ಸಾಂಖ್ಯ ಲ್ಯಾಬ್ಸ್ 2006ರಿಂದ ಸಂವಹನ ಚಿಪ್ ರೂಪಿಸುತ್ತ ಬಂದು ಕೊನೆಗೆ ತೇಜಸ್ ನೆಟ್‌ವರ್ಕ್ಸ್ ಸೇರಿತು. ಇವರಿಗೆ ಬೇಕಾಗಿದ್ದದ್ದು ಹೊಗಳಿಕೆಯಲ್ಲ, ಖಚಿತ ಖರೀದಿ. ಬಿಎಸ್‌ಎನ್‌ಎಲ್‌ನ 4ಜಿ ಟವರುಗಳಿಗೆ ಸ್ವದೇಶಿ ಉಪಕರಣವೇ ಆಗಬೇಕೆಂದು ಹಟ ಹಿಡಿದು ಸಾಧಿಸಿದ ಸರ್ಕಾರಕ್ಕೆ, 25 ಕೋಟಿ ಸ್ಮಾರ್ಟ್ ವಿದ್ಯುತ್ ಮೀಟರುಗಳ ಗುರಿ ಇಟ್ಟುಕೊಂಡ ಸರ್ಕಾರಕ್ಕೆ, ಅವುಗಳಲ್ಲಿ ಮೊಬೈಲ್ ಜಾಲ ಬಳಸುವ ಒಂದು ಪಾಲಿಗಾದರೂ ದೇಶಿ ಮೋಡೆಮ್ ಕಡ್ಡಾಯ ಎನ್ನುವುದು ಅಸಾಧ್ಯವಲ್ಲ. ಮೀಟರಿನ ಮೋಡೆಮ್ ಸರಳವಾದದ್ದು, ಅದಕ್ಕೆ 28 ನ್ಯಾನೋಮೀಟರ್ ಧಾರಾಳ ಸಾಕು. ಅಲ್ಲಿ ಹಾದಿ ಸವೆದರೆ ಫೋನಿನ ಮೋಡೆಮ್ಮಿಗೆ ಏರಬಹುದು.

ನಿಯಮ ಬರೆಯುವ ಸಭೆಗಳಲ್ಲಿಯೂ ನಾವು ಬರಿಗೈಯವರಲ್ಲ. 3ಜಿಪಿಪಿಯ ಏಳು ಸಂಘಟಕ ಸಂಸ್ಥೆಗಳಲ್ಲಿ ಭಾರತದ ಟಿಎಸ್‌ಡಿಎಸ್‌ಐ ಕೂಡ ಒಂದು. ಹಳ್ಳಿಗಳ ದೂರದ ಟವರುಗಳಿಗೆ ಹೊಂದುವಂತೆ ನಮ್ಮ ಐಐಟಿಗಳವರು ರೂಪಿಸಿದ 5ಜಿಐ ಮಾನದಂಡವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2020ರಲ್ಲಿ ಒಪ್ಪಿತು. ಫೋನಿನ ಬೆಲೆ ಏರುತ್ತದೆಂದು ನಮ್ಮದೇ ಟೆಲಿಕಾಂ ಕಂಪನಿಗಳು ವಿರೋಧಿಸಿದವು. ಕೊನೆಗೆ ಅದನ್ನು 3ಜಿಪಿಪಿಯ 17ನೇ ಆವೃತ್ತಿಯಲ್ಲಿ ಬೆಸೆಯಲಾಯಿತು. ಕೆಲವರು ಇದನ್ನು ಸೋಲೆಂದರು. ನನ್ನ ಪ್ರಕಾರ ನಾವು ಸರಿಯಾಗಿ ಇಟ್ಟ ಕೆಲವೇ ಹೆಜ್ಜೆಗಳಲ್ಲಿ ಅದೊಂದು, ಅದಕ್ಕೆ ತಗಲಿದ ಖರ್ಚು ಫ್ಯಾಬಿನ ಖರ್ಚಿನ ಮುಂದೆ ಲೆಕ್ಕಕ್ಕೇ ಬಾರದು.

ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಐಫೋನ್ ಜೋಡಣೆಯಾಗುತ್ತಿದೆ, ಸಾವಿರಾರು ಹೆಣ್ಣುಮಕ್ಕಳಿಗೆ ಕೆಲಸ ಸಿಕ್ಕಿದೆ, ಸಂತೋಷ. ಕ್ವಾಲ್ಕಾಮ್, ಮೀಡಿಯಾಟೆಕ್, ಸ್ಯಾಮ್‌ಸಂಗ್ ಚಿಪ್ಪುಗಳಿಗೆ ಬೆಂಗಳೂರಿನ ಎಂಜಿನಿಯರುಗಳು ಹಗಲಿರುಳು ದುಡಿಯುತ್ತಿದ್ದಾರೆ, ಅದೂ ಸಂತೋಷವೇ. ಆದರೆ ಇಲ್ಲಿ ಜೋಡಿಸಿದ ಫೋನಿನ ಮೇಲೂ, ಇಲ್ಲಿ ರೂಪಿಸಿದ ಚಿಪ್ಪಿನ ಮೇಲೂ ರಾಯಧನ ಹೋಗುವುದು ಹೊರಗೆ. ಮುಂದೆ ಯಾರಾದರೂ ಭಾರತದ ಮೊಬೈಲ್ ಚಿಪ್ ಎಂದು ಘೋಷಿಸಿದರೆ ನ್ಯಾನೋಮೀಟರ್ ಕೇಳಬೇಡಿ. ಮೋಡೆಮ್ ಯಾರದು, ಪೇಟೆಂಟ್ ಯಾರ ಹೆಸರಲ್ಲಿದೆ, ಮೊದಲ ಹತ್ತು ಲಕ್ಷ ಚಿಪ್ ಕೊಳ್ಳುವವರು ಯಾರು ಎಂದು ಕೇಳಿ. ಉತ್ತರ ಬರುವವರೆಗೆ ಚಪ್ಪಾಳೆ ತಟ್ಟಬೇಡಿ. 6ಜಿ ನಿಯಮಗಳ ಅಧ್ಯಯನ 3ಜಿಪಿಪಿಯ 20ನೇ ಆವೃತ್ತಿಯಲ್ಲಿ ಈಗಾಗಲೇ ಶುರುವಾಗಿದೆ, 21ನೇ ಆವೃತ್ತಿಯಲ್ಲಿ ಅವು ಬರಹಕ್ಕೆ ಇಳಿಯಲಿವೆ.